ಅಪ್ಪನ ಡಬ್ಬಿಯಲ್ಲಿ ಎರಡು ಅಳತೆಯ .32 ಗುಂಡುಗಳು: ಎರಡೂ ಒಂದೇ ರಿವಾಲ್ವರಿಗೆ ಸೇರಿದವೇ?

ಕೊಬ್ಬರಿ ಮಂಡಿ, ತಿಪಟೂರು

ಎಲ್ಲರಿಗೂ ನಮಸ್ಕಾರ. ನನ್ನ ತಂದೆ ನಲವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದವರು. ಹರಾಜಿನ ದಿನ ಕೈಯಲ್ಲಿ ನಗದು ಹಿಡಿದು ಕತ್ತಲಲ್ಲಿ ಊರಿಗೆ ಮರಳಬೇಕಿದ್ದ ಕಾಲದಲ್ಲಿ ಆತ್ಮರಕ್ಷಣೆಗೆಂದು .32 ಬೋರಿನ ರಿವಾಲ್ವರಿಗೆ ಪರವಾನಗಿ ಪಡೆದಿದ್ದರು. ಕಳೆದ ಆಷಾಢದಲ್ಲಿ ತೀರಿಕೊಂಡರು. ಕಾರ್ಯ ಮುಗಿದ ವಾರವೇ ಅಣ್ಣ ರಿವಾಲ್ವರನ್ನೂ ಅದರ ಚೀಲದಲ್ಲಿದ್ದ ಗುಂಡುಗಳನ್ನೂ ಠಾಣೆಗೆ ಒಪ್ಪಿಸಿ ಸ್ವೀಕೃತಿ ಪತ್ರ ತಂದ. ವಾರಸುದಾರಳಾಗಿ ಪರವಾನಗಿ ಕೋರಿ ನಾನು ಅರ್ಜಿ ಹಾಕಿದ್ದೇನೆ, ಆದೇಶ ಇನ್ನೂ ಬಂದಿಲ್ಲ.

ನಿನ್ನೆ ಸಂಜೆ ಅಪ್ಪನ ಬೀರು ಖಾಲಿ ಮಾಡುವಾಗ ಹಳೆಯ ಲೆಕ್ಕದ ಪುಸ್ತಕಗಳ ಹಿಂದೆ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ 14 ಗುಂಡುಗಳು. ಒಂಬತ್ತು ಉದ್ದ, ಐದು ಗಿಡ್ಡ. ದಪ್ಪ ಮಾತ್ರ ಎರಡರದ್ದೂ ಒಂದೇ ಎನ್ನುವಂತಿದೆ. ಉದ್ದದ್ದರ ತುದಿ ಬರಿಯ ಸೀಸ, ಗಿಡ್ಡದ್ದರ ತುದಿಗೆ ತಾಮ್ರದ ಬಣ್ಣದ ಹೊದಿಕೆ. ಅಪ್ಪನ ಕೈಬರಹದ ಚೀಟಿಯಲ್ಲಿ ಇರುವುದು ".32" ಎಂಬ ಅಂಕಿ ಒಂದೇ.

ಪರಿಚಯದ ಅಂಗಡಿಯವರೊಬ್ಬರಿಗೆ ಫೋನಿನಲ್ಲಿ ಕೇಳಿದೆ. "ಎರಡೂ ಮೂವತ್ತೆರಡೇ ಅಲ್ಲವೇ, ಎರಡೂ ನಡೆಯುತ್ತವೆ" ಎಂದರು. ಆ ಮಾತಿನಿಂದ ನನಗೆ ಸಮಾಧಾನವಾಗಲಿಲ್ಲ. ನಾಳೆ ಆ ರಿವಾಲ್ವರ್ ನನ್ನ ಕೈಗೆ ಬಂದರೆ ಅದರ ಹೊಣೆಯೂ ನನ್ನದೇ. ತಿಳಿದವರು ದಯವಿಟ್ಟು ಹೇಳಿ: ಇವೆರಡೂ ಒಂದೇ ಜಾತಿಯವೇ?

ವಕೀಲ, ಚಿಕ್ಕಬಳ್ಳಾಪುರ

ಮೇಡಂ, ಗುಂಡಿನ ಜಾತಿ ಬಲ್ಲವರು ಹೇಳುತ್ತಾರೆ. ಅದಕ್ಕೂ ಮೊದಲು ಒಂದು ಮಾತು. ಈ ಕ್ಷಣ ಆ 14 ಗುಂಡುಗಳನ್ನು ಮನೆಯಲ್ಲಿಟ್ಟುಕೊಳ್ಳುವ ಹಕ್ಕು ನಿಮಗಾಗಲಿ ನಿಮ್ಮ ಅಣ್ಣನಿಗಾಗಲಿ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕಿಗೆ ಪರವಾನಗಿ ಬೇಕಾದಂತೆಯೇ ಗುಂಡಿಗೂ ಬೇಕು. ಪರವಾನಗಿದಾರರು ತೀರಿಕೊಂಡ ಮೇಲೆ ಉಳಿದದ್ದನ್ನು ತಡಮಾಡದೆ ಹತ್ತಿರದ ಠಾಣೆಗೋ ಪರವಾನಗಿ ಇರುವ ಶಸ್ತ್ರ ವ್ಯಾಪಾರಿಗೋ ಒಪ್ಪಿಸಬೇಕೆಂದು 21ನೇ ಕಲಂ ಹೇಳುತ್ತದೆ. ನೀವು ಬಚ್ಚಿಟ್ಟಿರಲಿಲ್ಲ, ನಿನ್ನೆಯಷ್ಟೇ ಕಂಡಿದ್ದೀರಿ. ಅದನ್ನೇ ಒಂದು ಪುಟದಲ್ಲಿ ಬರೆಯಿರಿ: ಯಾವಾಗ, ಎಲ್ಲಿ, ಎಷ್ಟು ಸಿಕ್ಕಿತು, ತಂದೆಯ ಪರವಾನಗಿ ಸಂಖ್ಯೆ, ಹಿಂದಿನ ಸ್ವೀಕೃತಿಯ ದಿನಾಂಕ. ಠಾಣೆಗೆ ಮೊದಲು ಫೋನ್ ಮಾಡಿ ತಿಳಿಸಿ, ಆಮೇಲೆ ಅವರು ಹೇಳಿದಂತೆ ಕೊಂಡೊಯ್ಯಿರಿ. ಸ್ವೀಕೃತಿಯಲ್ಲಿ "ಗುಂಡು 14" ಎಂದಷ್ಟೇ ಬರೆಸಬೇಡಿ. ಯಾವ ಬಗೆಯವು ಎಷ್ಟು ಎಂದು ಬಿಡಿಸಿ ಬರೆಸಿ.

ನಿಮ್ಮ ಪ್ರಶ್ನೆ ಅಲ್ಲಿಯೂ ಕೆಲಸಕ್ಕೆ ಬರುತ್ತದೆ. ಗಿಡ್ಡ ಗುಂಡು ಆ ರಿವಾಲ್ವರಿನದಲ್ಲ ಎಂದಾದರೆ, ನಾಳೆ ನಿಮಗೆ ಪರವಾನಗಿ ಬಂದ ಮೇಲೂ ಅದನ್ನು ಇಟ್ಟುಕೊಳ್ಳುವಂತಿಲ್ಲ. ಪರವಾನಗಿ ಆ ಆಯುಧಕ್ಕೆ ತಕ್ಕ ಗುಂಡಿಗೆ ಮಾತ್ರ.

ಕೊಬ್ಬರಿ ಮಂಡಿ, ತಿಪಟೂರು

ಈಗಲೇ ಠಾಣೆಗೆ ಫೋನ್ ಮಾಡಿದೆ ಸರ್. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಬರಲು ಹೇಳಿದ್ದಾರೆ. ಅಲ್ಲಿಯವರೆಗೆ ಡಬ್ಬಿ ಬೀರುವಿನಲ್ಲೇ ಬೀಗದೊಳಗೆ ಇರಲಿ ಎಂದರು.

ಲೇತ್ ಕೆಲಸ, ತುಮಕೂರು

ನನಗೆ ಬಂದೂಕು ಗೊತ್ತಿಲ್ಲ, ಅಳತೆ ಗೊತ್ತಿದೆ. ಒಂದು ಇಂಚಿಗೆ 25.4 ಮಿಲಿಮೀಟರ್. ಹಾಗಾದರೆ .32 ಇಂಚು ಅಂದರೆ 8.13 ಮಿ.ಮೀ. ಅಕ್ಕ, ಮನೆಯಲ್ಲಿ ವರ್ನಿಯರ್ ಇದ್ದರೆ ತುದಿಯ ದಪ್ಪ, ಹಿತ್ತಾಳೆಯ ಉದ್ದ, ತಳದ ಅಂಚಿನ ಅಗಲ ಮೂರನ್ನೂ ಅಳೆದು ಹೇಳಿ.

ಅಂಗಡಿಯವರ ಮಾತು ಕೇಳಿ ನನಗೆ ನೆನಪಾದದ್ದು ನಟ್ಟು ಬೋಲ್ಟು. ಅರ್ಧ ಇಂಚಿನ ಬೋಲ್ಟಿಗೂ 12 ಮಿ.ಮೀ. ಬೋಲ್ಟಿಗೂ ದಪ್ಪದಲ್ಲಿ ಇರುವ ಅಂತರ 0.7 ಮಿ.ಮೀ. ಮಾತ್ರ. ಕಣ್ಣಿಗೆ ಎರಡೂ ಒಂದೇ. ಹೊಸ ಹುಡುಗರು ಒಂದರ ನಟ್ಟನ್ನು ಇನ್ನೊಂದಕ್ಕೆ ಹಾಕಿ ಸ್ಪ್ಯಾನರಿನಿಂದ ಬಲವಂತ ಮಾಡಿ ಎಳೆ ಹಾಳು ಮಾಡುತ್ತಾರೆ. ಕೇಳಿದರೆ "ಹೊಕ್ಕಿತಲ್ಲ ಅಣ್ಣ" ಎನ್ನುತ್ತಾರೆ. ಹೊಕ್ಕುವುದು ಬೇರೆ, ಹೊಂದುವುದು ಬೇರೆ.

ಹಳೆಯ ಆರ್ಮರರ್, ಕೋಲಾರ

ತಾಯಿ, ನಾನು ಸೇನೆಯ ಯಂತ್ರೋಪಕರಣ ನೋಡಿಕೊಳ್ಳುವ ಇಎಂಇ ದಳದಲ್ಲಿ ಆರ್ಮರರ್, ಅಂದರೆ ಆಯುಧ ರಿಪೇರಿಯವನು, ಆಗಿ 22 ವರ್ಷ ಕೆಲಸ ಮಾಡಿದವನು. ಅಳೆಯುವುದಕ್ಕೂ ಮೊದಲು ಓದಿ. ಗುಂಡನ್ನು ಬೋರಲು ಹಿಡಿದು ತಳ ನೋಡಿ. ನಡುವಿನಲ್ಲಿ ಕಾಣುವ ಪುಟ್ಟ ಬಟ್ಟಲು ಪ್ರೈಮರ್, ಬಂದೂಕಿನ ಮುಳ್ಳು ಬಂದು ಹೊಡೆಯುವುದು ಅದಕ್ಕೇ. ಅದನ್ನು ಮುಟ್ಟಬೇಡಿ, ಕೆರೆಯಬೇಡಿ, ಕಿಲುಬು ಹಿಡಿದಿದ್ದರೆ ಉಜ್ಜಬೇಡಿ. ಅದರ ಸುತ್ತ ಅಕ್ಷರ, ಅಂಕಿ ಕೊರೆದಿರುತ್ತಾರೆ. ಅದೇ ಗುಂಡಿನ ಜಾತಕ. ಬೆಳಕಿಗೆ ಹಿಡಿದು ಎರಡರಲ್ಲೂ ಏನಿದೆ ಎಂದು ಇದ್ದದ್ದು ಇದ್ದಂತೆ ಬರೆಯಿರಿ.

ಕೊಬ್ಬರಿ ಮಂಡಿ, ತಿಪಟೂರು

ಮಗನ ಭೂತಗನ್ನಡಿ ತಂದು ನೋಡಿದೆ. ಉದ್ದದ್ದರ ತಳದಲ್ಲಿ ಕೆ.ಎಫ್., .32, ಎಸ್., ಡಬ್ಲ್ಯು., ಎಲ್. ಎಂಬ ಇಂಗ್ಲಿಷ್ ಅಕ್ಷರಗಳಿವೆ. ಗಿಡ್ಡದ್ದರಲ್ಲಿ ಕೆ.ಎಫ್. ಮತ್ತು 7.65. ಗಿಡ್ಡದ್ದರಲ್ಲಿ .32 ಎಂದು ಎಲ್ಲಿಯೂ ಇಲ್ಲ! ಎರಡರ ಮೇಲೂ ಕೆ.ಎಫ್. ಇರುವುದು ಏಕೆ?

ಹಳೆಯ ಆರ್ಮರರ್, ಕೋಲಾರ

ಕೆ.ಎಫ್. ಎಂದರೆ ಪುಣೆಯ ಪಕ್ಕದ ಖಡ್ಕಿಯ ಮದ್ದುಗುಂಡು ಕಾರ್ಖಾನೆ. ಬ್ರಿಟಿಷರ ಕಾಲದಲ್ಲಿ ಕಿರ್ಕಿ ಎನ್ನುತ್ತಿದ್ದರು, ಮುದ್ರೆಯಲ್ಲಿ ಆ ಹೆಸರೇ ಉಳಿದಿದೆ. ಅದು ತಯಾರಕರ ಗುರುತು, ಗುಂಡಿನ ಜಾತಿಯಲ್ಲ. ಒಂದೇ ಕಾರ್ಖಾನೆ ಹತ್ತು ಬಗೆಯ ಗುಂಡು ಮಾಡುತ್ತದೆ.

ನಿಮ್ಮ ಉದ್ದದ್ದು .32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್. ರಿವಾಲ್ವರಿನ ಗುಂಡು, 1896ರ ಹೊತ್ತಿಗೆ ಬಂದದ್ದು. ಗಿಡ್ಡದ್ದು .32 ಎಸಿಪಿ (ಆಟೊಮ್ಯಾಟಿಕ್ ಕೋಲ್ಟ್ ಪಿಸ್ಟಲ್), ಅದರದೇ ಇನ್ನೊಂದು ಹೆಸರು 7.65 ಬ್ರೌನಿಂಗ್. ಜಾನ್ ಬ್ರೌನಿಂಗ್ ತನ್ನ ಸ್ವಯಂಚಾಲಿತ ಪಿಸ್ತೂಲಿಗೆಂದು 1899ರಲ್ಲಿ ರೂಪಿಸಿದ್ದು. ನಮ್ಮ ಸರ್ಕಾರಿ ಕಾರ್ಖಾನೆಗಳ ಮಟ್ಟಿಗೆ ಹೇಳುವುದಾದರೆ ಕಾನ್ಪುರದ .32 ರಿವಾಲ್ವರ್ ತಿನ್ನುವುದು ಉದ್ದದ್ದನ್ನು, ಇಛಾಪುರದ ಅಶನಿ ಪಿಸ್ತೂಲು ತಿನ್ನುವುದು ಗಿಡ್ಡದ್ದನ್ನು. 2014ರಲ್ಲಿ ಬಂದ ನಿರ್ಭೀಕ್ ಕೂಡ ರಿವಾಲ್ವರೇ, ಅದಕ್ಕೂ ಉದ್ದದ್ದೇ. 9 ಮಿ.ಮೀ. ಪಿಸ್ತೂಲು ನಿಷೇಧಿತ ಬೋರ್ ಆದ್ದರಿಂದ ಸಾಮಾನ್ಯ ಜನರ ಕೈಯಲ್ಲಿರುವ ಕೈಬಂದೂಕುಗಳಲ್ಲಿ ಹೆಚ್ಚಿನವು .32. ಹಾಗಾಗಿಯೇ ನಮ್ಮ ಕಡೆ ಈ ಎರಡು ಗುಂಡುಗಳ ಗೊಂದಲ ಮತ್ತೆ ಮತ್ತೆ ಎದುರಾಗುತ್ತದೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಗಿಡ್ಡ ಐದು ನಿಮ್ಮ ತಂದೆಯ ರಿವಾಲ್ವರಿನವಲ್ಲ.

ಲೇತ್ ಕೆಲಸ, ತುಮಕೂರು

ಸರ್, ನನಗೆ ಒಂದು ಅರ್ಥವಾಗಲಿಲ್ಲ. 7.65 ಮಿ.ಮೀ. ಅಂದರೆ .301 ಇಂಚು. .32 ಅಂದರೆ 8.13 ಮಿ.ಮೀ. ಎರಡೂ ಒಂದೇ ಗುಂಡಿನ ಹೆಸರಾಗುವುದು ಹೇಗೆ? ನಮ್ಮ ಕೆಲಸದಲ್ಲಿ ಇಷ್ಟು ವ್ಯತ್ಯಾಸ ಬಂದರೆ ಮಾಲು ವಾಪಸು.

ಹಳೆಯ ಆರ್ಮರರ್, ಕೋಲಾರ

ಒಳ್ಳೆಯ ಪ್ರಶ್ನೆ ಕೇಳಿದಿರಿ. ಅಸಲಿಗೆ ಆ ಸೀಸದ ತುಂಡಿನ ದಪ್ಪ ಎರಡೂ ಅಲ್ಲ, ಸುಮಾರು 7.9 ಮಿ.ಮೀ. ನಳಿಕೆಯ ಒಳಗೆ ಸುರುಳಿ ಸುರುಳಿಯಾಗಿ ಗೆರೆ ಕೊರೆದಿರುತ್ತದೆ. ಒಬ್ಬರು ಗೆರೆಗಳ ನಡುವಿನ ದಿಬ್ಬದಿಂದ ಎದುರು ದಿಬ್ಬಕ್ಕೆ ಅಳೆದು ಹೆಸರಿಟ್ಟರು, ಇನ್ನೊಬ್ಬರು ಅಂಕಿಯನ್ನು ದುಂಡಗೆ ಮಾಡಿಕೊಂಡರು, ಮತ್ತೊಬ್ಬರು ಮದ್ದು ತುಂಬಿದ ಹಿತ್ತಾಳೆ ಕೋಶದ ಹೊರಗಿನ ದಪ್ಪವನ್ನು ಹಿಡಿದರು. .38 ಸ್ಪೆಷಲ್ ಎಂಬುದನ್ನು ಅಳೆದು ನೋಡಿದರೆ ಸೀಸದ ತುಂಡು .357 ಇಂಚು! ಹಳೆಯ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಸೇರು ಎಂದರೆ ಊರಿಗೊಂದು ಅಳತೆ ಇರಲಿಲ್ಲವೇ, ಹಾಗೆ. ಸಂತೆಗೆ ಹೋದವನು "ಯಾವ ಊರಿನ ಸೇರು" ಎಂದು ಕೇಳಿಯೇ ರಾಗಿ ಕೊಳ್ಳುತ್ತಿದ್ದ.

ಆದ್ದರಿಂದ ಅಂಕಿಯ ಹಿಂದೆ ಬರುವ ಹೆಸರನ್ನು ಬಿಡಬಾರದು. ".32" ಎಂದರೆ ಅರ್ಧ ವಿಳಾಸ. .32 ಸ್ಮಿತ್ ಅಂಡ್ ವೆಸ್ಸನ್ (ಇದು ಇನ್ನೂ ಹಳೆಯದು, 1878ರದ್ದು, ಗಿಡ್ಡ), ಅದರ ಲಾಂಗ್, .32 ಎಸಿಪಿ, .32 ಎಚ್ ಅಂಡ್ ಆರ್ ಮ್ಯಾಗ್ನಮ್: ನಾಲ್ಕೂ .32, ನಾಲ್ಕೂ ಬೇರೆ. "7.65" ಕೂಡ ಅರ್ಧ ವಿಳಾಸವೇ. 7.65 ಬ್ರೌನಿಂಗ್ ಎಂಬುದು 17 ಮಿ.ಮೀ. ಕೋಶದ ನೇರ ಗುಂಡು. 7.65 ಪ್ಯಾರಾಬೆಲ್ಲಮ್ ಎಂಬುದು 21 ಮಿ.ಮೀ. ಕೋಶದ, ಬಾಟಲಿಯಂತೆ ಕುತ್ತಿಗೆ ಸಣ್ಣಗಾದ ಬೇರೆಯೇ ಗುಂಡು. 9 ಮಿ.ಮೀ. ಎಂದರೂ ಹಾಗೆಯೇ. 9×17, 9×18, 9×19 ಮೂರಕ್ಕೂ ಬೇರೆ ಬೇರೆ ಪಿಸ್ತೂಲು. ಎರಡನೆಯ ಅಂಕಿ ಕೋಶದ ಉದ್ದ.

ಮಾವಿನ ತೋಪು, ಶ್ರೀನಿವಾಸಪುರ

ಹಿರಿಯರ ಮಾತಿಗೆ ಅಡ್ಡ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಬಳಿ ಪರವಾನಗಿಯ .32 ರಿವಾಲ್ವರ್ ಇದೆ. ಹಲವು ವರ್ಷಗಳ ಹಿಂದೆ ಉದ್ದದ್ದು ಸಿಗದೆ ಇದ್ದಾಗ ಅಂಗಡಿಯವರು ಈ ಗಿಡ್ಡದ್ದನ್ನೇ ಕೊಟ್ಟಿದ್ದರು. ಸಿಲಿಂಡರಿನ ಗೂಡಿಗೆ ಸಲೀಸಾಗಿ ಇಳಿಯಿತು. ಮೂರೋ ನಾಲ್ಕೋ ಹಾರಿಸಿ ನೋಡಿದೆ, ಹಾರಿತು. ಕೈಗೂ ಏನೂ ಆಗಲಿಲ್ಲ, ರಿವಾಲ್ವರಿಗೂ ಏನೂ ಆಗಲಿಲ್ಲ. ಕಣ್ಣಾರೆ ಕಂಡದ್ದನ್ನು ಹೇಗೆ ಇಲ್ಲವೆನ್ನಲಿ?

ಹಳೆಯ ಆರ್ಮರರ್, ಕೋಲಾರ

ನೀವು ಕಂಡದ್ದು ನಿಜ. ಅದು ಇಳಿಯುತ್ತದೆ, ಹಾರುವುದೂ ಉಂಟು. ಅಪಾಯ ಇರುವುದೇ ಅಲ್ಲಿ. ಇಳಿಯದೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಎರಡರ ಕೋಶದ ಮೈದಪ್ಪವೂ ಹೆಚ್ಚುಕಡಿಮೆ 8.6 ಮಿ.ಮೀ. ಅದಕ್ಕೇ ಗೂಡಿಗೆ ಸಲೀಸು. ಆದರೆ ಲಾಂಗಿನ ಕೋಶದ ಉದ್ದ 23.4 ಮಿ.ಮೀ., ಎಸಿಪಿಯದು 17.3. ಲಾಂಗಿನ ತಳದ ಅಂಚು 9.5 ಮಿ.ಮೀ. ಅಗಲ, ಎಸಿಪಿಯದು 9.1. ಅಂಚಿನ ದಪ್ಪದಲ್ಲೂ ಕಾಲು ಮಿಲಿಮೀಟರ್ ಕಡಿಮೆ. ರಿವಾಲ್ವರಿನಲ್ಲಿ ಗುಂಡನ್ನು ತಡೆದು ನಿಲ್ಲಿಸುವುದು ಆ ಅಂಚೇ. ಅಂಚು ತೆಳುವಾದರೆ ಗುಂಡು ಹಿಂದಕ್ಕೂ ಮುಂದಕ್ಕೂ ಅಲ್ಲಾಡುತ್ತದೆ. ಮುಳ್ಳು ಹೊಡೆದಾಗ ಮುಂದಕ್ಕೆ ಜಾರಿ ಸಿಡಿಯದೆ ಇರಬಹುದು. ಸಿಡಿದರೆ ಅದೇ ಸಂದಿನಲ್ಲಿ ರಪ್ಪನೆ ಹಿಂದಕ್ಕೆ ಬಂದು ಬಡಿಯುತ್ತದೆ.

ಇನ್ನು ಒತ್ತಡ. ಲಾಂಗ್ ಗುಂಡಿಗೆ ನಿಗದಿಯಾದ ಗರಿಷ್ಠ ಒತ್ತಡ ಚದರ ಇಂಚಿಗೆ 15,000 ಪೌಂಡ್. ಎಸಿಪಿಗೆ 20,500. ಗಿಡ್ಡದ್ದು ಬಡಪಾಯಿ, ಉದ್ದದ್ದು ಬಲಶಾಲಿ ಎಂದು ಕಣ್ಣು ಹೇಳುತ್ತದೆ, ಲೆಕ್ಕ ತಿರುಗುಮುರುಗು ಇದೆ. ಉದ್ದದ್ದು ಕಪ್ಪು ಮದ್ದಿನ ಕಾಲದ ಸಂತತಿ, ಕೋಶದಲ್ಲಿ ಜಾಗ ಹೆಚ್ಚು, ಒತ್ತಡ ಕಡಿಮೆ. ಗಿಡ್ಡದ್ದು ಹೊಗೆಯಿಲ್ಲದ ಮದ್ದಿಗಾಗಿಯೇ ಹುಟ್ಟಿದ್ದು.

ಈಗ ನಿಮ್ಮ ರಿವಾಲ್ವರನ್ನು ನೆನಪಿಸಿಕೊಳ್ಳಿ. ಕಾನ್ಪುರದ ಹಳೆಯ .32 ಆದರೆ ವೆಬ್ಲಿ ಮಾದರಿಯದು, ಮೇಲಿನ ಚಿಲಕ ಒತ್ತಿದರೆ ನಡುವೆ ಮಡಚಿ ಬಾಯಿ ಬಿಡುತ್ತದೆ. ಪ್ರತಿ ಗುಂಡಿನ ಪೆಟ್ಟನ್ನೂ ಆ ಚಿಲಕ ಮತ್ತು ಕೆಳಗಿನ ಕೀಲು ತಡೆಯಬೇಕು. ಮೂರು ಗುಂಡಿಗೆ ಮುರಿಯಲಿಲ್ಲ, ಸರಿ. ಆದರೆ ಲೋಹ ದಣಿಯುವುದು ಸದ್ದು ಮಾಡಿಕೊಂಡಲ್ಲ. ಚಿಲಕ ಕೂದಲೆಳೆಯಷ್ಟು ಸಡಿಲವಾಗಿರುತ್ತದೆ, ನಿಮಗೆ ಗೊತ್ತಾಗುವುದಿಲ್ಲ. ಮುಂದೊಂದು ದಿನ ಸರಿಯಾದ ಗುಂಡು ಹಾರಿಸಿದಾಗ ಹೆಚ್ಚುಕಡಿಮೆಯಾದರೆ "ಗುಂಡು ಕೆಟ್ಟದ್ದು" ಎನ್ನುತ್ತೀರಿ. ಬಾಯಿ ಬಿಟ್ಟಾಗ ಆರೂ ಕೋಶಗಳನ್ನು ಒಟ್ಟಿಗೆ ಎತ್ತುವ ನಕ್ಷತ್ರದಂಥ ಎಳೆತದ ತುಣುಕು ಇದೆಯಲ್ಲ, ಸಣ್ಣ ಅಂಚಿನ ಕೋಶ ಅದರ ಕೆಳಗೆ ಜಾರಿ ಸಿಕ್ಕಿಕೊಳ್ಳಬಹುದು. ಆತ್ಮರಕ್ಷಣೆಗೆ ಇಟ್ಟುಕೊಂಡ ಆಯುಧ ಬೇಕಾದ ಗಳಿಗೆಯಲ್ಲಿ ಬಾಯಿ ಮುಚ್ಚದೆ ನಿಂತರೆ ಏನು ಮಾಡುತ್ತೀರಿ?

ನನ್ನ ತಂದೆ ಕೆಜಿಎಫ್ ಗಣಿಯಲ್ಲಿ ಸಿಡಿಮದ್ದು ತುಂಬುವ ತಂಡದಲ್ಲಿದ್ದರು. ಗುರುತು ಅಳಿಸಿಹೋದ ಮದ್ದಿನ ಕಡ್ಡಿಯನ್ನು ಅವರು ಯಾವ ಒತ್ತಾಯಕ್ಕೂ ರಂಧ್ರಕ್ಕೆ ತುಂಬುತ್ತಿರಲಿಲ್ಲ, ಪಕ್ಕಕ್ಕಿಟ್ಟು ಮೇಸ್ತ್ರಿಯನ್ನು ಕರೆಯುತ್ತಿದ್ದರು. ನಾನು ಈ ಕೆಲಸ ಕಲಿತದ್ದು ಸೇನೆಯಲ್ಲಿ, ಭಯಭಕ್ತಿ ಕಲಿತದ್ದು ಮನೆಯಲ್ಲಿ. ದಯವಿಟ್ಟು ಇನ್ನೊಮ್ಮೆ ಹಾಗೆ ಹಾರಿಸಬೇಡಿ. ಪರವಾನಗಿ ಇರುವ ಬಂದೂಕು ರಿಪೇರಿಯವರಿಗೆ ಆ ಚಿಲಕವನ್ನೊಮ್ಮೆ ತೋರಿಸಿ.

ಮಾವಿನ ತೋಪು, ಶ್ರೀನಿವಾಸಪುರ

ಒತ್ತಡದ ಲೆಕ್ಕ ನನಗೆ ತಿಳಿದಿರಲಿಲ್ಲ. ಗಿಡ್ಡದ್ದು ಮೃದು ಎಂದೇ ಇಷ್ಟು ವರ್ಷ ನಂಬಿದ್ದೆ. ನನ್ನದೂ ಮಡಚುವ ಮಾದರಿಯೇ. ಈ ವಾರ ತೋರಿಸುತ್ತೇನೆ ಸರ್.

ವಕೀಲ, ಚಿಕ್ಕಬಳ್ಳಾಪುರ

ಆ ಅಂಗಡಿಯವರು ಮಾರಿದ ಗುಂಡು ನಿಮ್ಮ ಪರವಾನಗಿಯ ಪುಟದಲ್ಲಿ ಹೇಗೆ ನಮೂದಾಗಿದೆ ಎಂದು ಒಮ್ಮೆ ನೋಡಿ. ಬರಿಯ ".32" ಎಂದು ಬರೆದಿದ್ದರೆ ಮುಂದಿನ ಖರೀದಿಯಿಂದ ಪೂರ್ತಿ ಹೆಸರು ಬರೆಸಿ. ಒಂದು ಕಾಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಎಂಬ ಮಿತಿಯೂ ಅಲ್ಲೇ ಇರುತ್ತದೆ.

ಕಡಲೆಕಾಯಿ ಹೊಲ, ಪಾವಗಡ

ಕೈಬಂದೂಕಿನ ಮಾತಿನ ನಡುವೆ ಕೋವಿಯ ಮಾತು ತರುತ್ತಿದ್ದೇನೆ, ಆದರೆ ಸಂಬಂಧ ಇದೆ. ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಗೆ ಪರವಾನಗಿ ಪಡೆದ ಜೋಡಿ ನಳಿಕೆಯ 12 ಬೋರ್ ಇದೆ. ಚಿಕ್ಕಪ್ಪನ ಬಳಿ 20 ಬೋರ್ ಇತ್ತು. ಒಂದು ಸಲ ಹಂದಿ ಬಂದ ರಾತ್ರಿ ಗಡಿಬಿಡಿಯಲ್ಲಿ ಚಿಕ್ಕಪ್ಪನ ಕಾಡತೂಸು ನನ್ನ ನಳಿಕೆಗೆ ಬಿತ್ತು. ಜಾರಿ ಒಳಗೆ ಹೋಗಿ ಕಾಣದೇ ಹೋಯಿತು. ಬಿದ್ದೇ ಇಲ್ಲವೆಂದುಕೊಂಡು ಇನ್ನೊಂದನ್ನು, 12 ಬೋರಿನದನ್ನು, ತುಂಬಲು ಕೈ ಹಾಕಿದ್ದೆ. ಚಿಕ್ಕಪ್ಪ ಕೈ ಹಿಡಿದು ನಿಲ್ಲಿಸಿ ನಳಿಕೆಯನ್ನು ಟಾರ್ಚಿನ ಬೆಳಕಿಗೆ ಹಿಡಿದರು. ಮುಂದೆ ಹಳದಿ ಬಣ್ಣದ ಕಾಡತೂಸು ಸಿಕ್ಕಿಕೊಂಡಿತ್ತು. ಈಗಲೂ ನೆನೆದರೆ ಮೈ ನಡುಗುತ್ತದೆ.

ಹಳೆಯ ಆರ್ಮರರ್, ಕೋಲಾರ

ನಿಮ್ಮ ಚಿಕ್ಕಪ್ಪ ನಿಮ್ಮ ಕೈಬೆರಳುಗಳನ್ನು ಉಳಿಸಿದರು, ಪ್ರಾಯಶಃ ಕಣ್ಣನ್ನೂ. 12 ಬೋರಿನ ನಳಿಕೆಯ ಒಳ ಅಗಲ ಸುಮಾರು 18.5 ಮಿ.ಮೀ., 20 ಬೋರಿನದು 15.6. ಇಲ್ಲಿ ಅಂಕಿ ಹೆಚ್ಚಾದಷ್ಟೂ ನಳಿಕೆ ಸಣ್ಣದು. ನಳಿಕೆಯ ಅಗಲಕ್ಕೆ ಸರಿಹೊಂದುವ ಸೀಸದ ಗೋಲಿಗಳು ಒಂದು ಪೌಂಡಿಗೆ ಎಷ್ಟು ತೂಗುತ್ತವೆ ಎಂಬ ಲೆಕ್ಕ ಅದು. ಸಣ್ಣ ಕಾಡತೂಸಿನ ಅಂಚು 12 ಬೋರಿನ ಗೂಡು ದಾಟಿ ನಳಿಕೆಯ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ 12 ಬೋರ್ ಹಾರಿಸಿದರೆ ನಳಿಕೆ ಎಡಗೈ ಹಿಡಿಯುವ ಜಾಗದಲ್ಲೇ ಸೀಳುತ್ತದೆ. ಈ ಅನಾಹುತದ ಕಾರಣಕ್ಕೇ 20 ಬೋರಿಗೆ ಹಳದಿ ಬಣ್ಣದ ರೂಢಿ ಬಂದದ್ದು.

12 ಬೋರ್ ಇರುವವರು ಇನ್ನೊಂದನ್ನೂ ನೋಡಿ. ಹಳೆಯ ಕೋವಿಗಳ ಗೂಡು 65 ಮಿ.ಮೀ., ಹೊಸ ಕಾಡತೂಸು 70 ಆಗಿರಬಹುದು. ಹಾರಿಸುವ ಮೊದಲು ಬಾಯಿ ಮಡಚಿರುವುದರಿಂದ ಗಿಡ್ಡವಾಗಿ ಕಂಡು ಸಲೀಸಾಗಿ ಹೊಕ್ಕುತ್ತದೆ. 70 ಎಂಬುದು ಹಾರಿದ ಮೇಲೆ, ಮಡಿಕೆ ಬಿಚ್ಚಿಕೊಂಡಾಗಿನ ಉದ್ದ. ಬಿಚ್ಚಿಕೊಳ್ಳಲು ಜಾಗ ಸಾಲದಿದ್ದರೆ ದಾರಿ ಕಿರಿದಾಗಿ ಒತ್ತಡ ಏರುತ್ತದೆ.

ಎನ್‌ಸಿಸಿ ಕೆಡೆಟ್, ಚಿಂತಾಮಣಿ

ನಾನು ಶಿಬಿರದಲ್ಲಿ .22 ರೈಫಲ್ ಮಾತ್ರ ಹಾರಿಸಿದ್ದೇನೆ. ಅಲ್ಲಿಯೂ ಇಂಥ ಗೊಂದಲ ಇದೆಯೇ ಸರ್?

ಹಳೆಯ ಆರ್ಮರರ್, ಕೋಲಾರ

ಇದೆ ಮಗು. ನೀನು ಹಾರಿಸಿದ್ದು .22 ಲಾಂಗ್ ರೈಫಲ್. .22 ಮ್ಯಾಗ್ನಮ್ ಎಂಬುದು ಬೇರೆ, ಅದರ ಕೋಶವೇ ದಪ್ಪ. ಮ್ಯಾಗ್ನಮ್ ಗೂಡಿನಲ್ಲಿ ಸಾಮಾನ್ಯ .22 ಹಾಕಿದರೆ ಸಡಿಲವಾಗಿ ಕುಳಿತು, ಹಾರಿದಾಗ ಹಿತ್ತಾಳೆ ಸೀಳಿ ಬಿಸಿ ಅನಿಲ ಮುಖದ ಕಡೆಗೆ ಬರಬಹುದು.

ಒಂದು ದಿಕ್ಕಿಗೆ ಮಾತ್ರ ನಡೆಯುವ ಜೋಡಿಗಳೂ ಇವೆ. .357 ಮ್ಯಾಗ್ನಮ್ ರಿವಾಲ್ವರಿನಲ್ಲಿ .38 ಸ್ಪೆಷಲ್ ಹಾರಿಸಬಹುದು, ಗುಂಡಿನ ದಪ್ಪ ಒಂದೇ, ಒತ್ತಡ ಕಡಿಮೆ. ತಿರುಗಿಸಿ ಮಾಡುವಂತಿಲ್ಲ. ಯಾರಾದರೂ ಮಾಡಿಯಾರು ಎಂದೇ 1935ರಲ್ಲಿ ಮ್ಯಾಗ್ನಮ್ ತಂದವರು ಅದರ ಕೋಶವನ್ನು 3 ಮಿ.ಮೀ.ಗಿಂತ ಹೆಚ್ಚು ಉದ್ದ ಮಾಡಿದರು. ಆಯುಧ ಮಾಡಿದವರು ತಮ್ಮ ಕೈಪಿಡಿಯಲ್ಲಿ ಹೆಸರಿಟ್ಟು ಒಪ್ಪಿದ ಜೋಡಿ ಮಾತ್ರ ಜೋಡಿ. ಉಳಿದದ್ದನ್ನು ನಾವು ಊಹಿಸಬಾರದು.

ಬ್ಯಾಂಕ್ ಕಾವಲು, ಬಂಗಾರಪೇಟೆ

ನನ್ನ ಅನುಭವವನ್ನೂ ಸೇರಿಸುತ್ತೇನೆ. ಚುನಾವಣೆ ಬಂದಾಗ ಎಲ್ಲರೂ ಆಯುಧ ಠೇವಣಿ ಇಡುತ್ತೇವಲ್ಲ, ಒಂದು ಸಲ ಮರಳಿ ಪಡೆಯುವಾಗ ನನ್ನ ಕೋವಿಯ ಜೊತೆ ಬೇರೆಯವರ ಗುಂಡಿನ ಪೊಟ್ಟಣ ಬಂದಿತ್ತು. ಎಣಿಕೆ ಸರಿಯಿತ್ತು, ಗುಂಡು ಮಾತ್ರ ನನ್ನದಲ್ಲ. ಅಲ್ಲೇ ಬಿಚ್ಚಿ ನೋಡಿದ್ದರಿಂದ ತಿಳಿಯಿತು, ಸಿಬ್ಬಂದಿಯೂ ಕೂಡಲೇ ಬದಲಿಸಿಕೊಟ್ಟರು. ಅಂದಿನಿಂದ ಠೇವಣಿ ಇಡುವ ಪೊಟ್ಟಣದ ಮೇಲೆ ತಳದ ಮುದ್ರೆಯಲ್ಲಿರುವುದನ್ನೇ ನಾನು ಬರೆಯುತ್ತೇನೆ. ಬಿಡಿ ಗುಂಡನ್ನು ಜೇಬಿನಲ್ಲಾಗಲಿ ಬೇರೆ ಡಬ್ಬಿಯಲ್ಲಾಗಲಿ ಇಡುವುದಿಲ್ಲ. ಬಂದ ಪೆಟ್ಟಿಗೆಯಲ್ಲೇ ಇಡುತ್ತೇನೆ, ಪೆಟ್ಟಿಗೆ ಹರಿದರೆ ಅಂಟು ಹಾಕುತ್ತೇನೆ.

ಲೇತ್ ಕೆಲಸ, ತುಮಕೂರು

ಅಂದರೆ ಆಯುಧದ ಮೇಲೂ ಬರೆದಿರುತ್ತದೆಯೇ?

ಹಳೆಯ ಆರ್ಮರರ್, ಕೋಲಾರ

ಬರೆದಿರುತ್ತದೆ. ರಿವಾಲ್ವರಿನಲ್ಲಿ ನಳಿಕೆಯ ಪಕ್ಕ ಅಥವಾ ಚೌಕಟ್ಟಿನ ಮೇಲೆ, ಪಿಸ್ತೂಲಿನಲ್ಲಿ ಜಾರುವ ಭಾಗದ ಮೇಲೆ ಅಥವಾ ಗುಂಡು ಹೊರಬೀಳುವ ಕಿಂಡಿಯಲ್ಲಿ ಕಾಣುವ ನಳಿಕೆಯ ಮೇಲೆ. ಪೆಟ್ಟಿಗೆಯ ಮೇಲಿನ ಹೆಸರು, ಗುಂಡಿನ ತಳದ ಮುದ್ರೆ, ಆಯುಧದ ಮೇಲಿನ ಕೆತ್ತನೆ: ಮೂರೂ ಒಂದೇ ಮಾತು ಹೇಳಬೇಕು. ಒಂದು ಸುಮ್ಮನಿದ್ದರೂ ನಾನು ತುಂಬುವುದಿಲ್ಲ. ಹಳೆಯ ಆಯುಧದಲ್ಲಿ ಕೆತ್ತನೆ ಸವೆದಿದ್ದರೆ, ಅಥವಾ ಯಾರೋ ನಳಿಕೆ ಬದಲಿಸಿದ ಅನುಮಾನವಿದ್ದರೆ, ಆರ್ಮರರ್ ಗೂಡಿನ ಅಳತೆ ತೆಗೆದು ಹೇಳಬೇಕು. ಗುಂಡು ಹಾಕಿ ನೋಡಿ ಪತ್ತೆ ಮಾಡುವ ಕೆಲಸವಲ್ಲ ಅದು.

ತಾಯಿ, ನಿಮಗೆ ಇನ್ನೊಂದು ಮಾತು. ಉದ್ದದ ಒಂಬತ್ತು ಆ ರಿವಾಲ್ವರಿನ ಜಾತಿಯವೇ ಆದರೂ ಅವನ್ನು ಬಳಸುವ ಆಸೆ ಇಟ್ಟುಕೊಳ್ಳಬೇಡಿ. ಎಷ್ಟು ವರ್ಷದವು, ಎಣ್ಣೆ ತಾಗಿತ್ತೇ, ತೇವ ಹೊಕ್ಕಿತ್ತೇ ನಮಗೆ ಗೊತ್ತಿಲ್ಲ. ಮದ್ದು ಬಲ ಕಳೆದುಕೊಂಡರೆ ಗುಂಡು "ಠುಸ್" ಎಂದು ಸೀಸ ನಳಿಕೆಯ ನಡುವೆಯೇ ನಿಂತುಬಿಡುತ್ತದೆ. ಅದರ ಹಿಂದೆ ಇನ್ನೊಂದು ಹಾರಿಸಿದರೆ ಪಾವಗಡದವರು ಹೇಳಿದ ಕಥೆಯೇ. ಸದ್ದು ಎಂದಿನಂತಿಲ್ಲ ಎನಿಸಿದರೆ ಎರಡನೆಯದನ್ನು ಹಾರಿಸಲೇಬಾರದು. ಸದ್ದೇ ಬರದಿದ್ದರೆ ಗುರಿಯ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು, ತಡವಾಗಿ ಸಿಡಿಯುವುದೂ ಉಂಟು.

ಕೊಬ್ಬರಿ ಮಂಡಿ, ತಿಪಟೂರು

ಎಲ್ಲರಿಗೂ ಇಂದಿನ ಸಮಾಚಾರ ತಿಳಿಸಬೇಕು. ಬೆಳಿಗ್ಗೆ ಅಣ್ಣನ ಜೊತೆ ಠಾಣೆಗೆ ಹೋಗಿದ್ದೆ. ವಕೀಲರು ಹೇಳಿದಂತೆ ಪತ್ರ ಬರೆದುಕೊಂಡು ಹೋಗಿದ್ದರಿಂದ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ".32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್ 9, 7.65 ಬ್ರೌನಿಂಗ್ 5" ಎಂದು ಬಿಡಿಸಿ ಸ್ವೀಕೃತಿಯಲ್ಲಿ ಬರೆಸಿದೆ. ಬರೆದುಕೊಂಡ ಹವಾಲ್ದಾರರು ಎರಡನ್ನೂ ತಳ ಮೇಲೆ ಮಾಡಿ ತಾವೇ ಓದಿ ನೋಡಿ "ಹೌದು, ಬೇರೆ ಬೇರೆಯೇ" ಎಂದರು.

ಗಿಡ್ಡ ಐದು ಅಪ್ಪನ ಬಳಿಗೆ ಬಂದದ್ದು ಹೇಗೆಂದು ರಾತ್ರಿಯೆಲ್ಲ ಯೋಚಿಸಿದ್ದೆ. ಮನೆಗೆ ಬಂದು ಅಪ್ಪನ ಹಳೆಯ ಪರವಾನಗಿ ಪುಸ್ತಕದ ಜೆರಾಕ್ಸ್ ತೆಗೆದು ನೋಡಿದೆ. 2009ರ ಒಂದು ಖರೀದಿಯ ಸಾಲಿನಲ್ಲಿ ".32, 5" ಎಂದಿದೆ, ಹೆಸರಿಲ್ಲ. ಉಳಿದ ಎಲ್ಲ ಸಾಲುಗಳಲ್ಲಿ "ಲಾಂಗ್" ಎಂದು ಇದೆ. ಅಪ್ಪ ಆ ಐದನ್ನು ಚೀಲದಲ್ಲಿ ಇಡದೆ ಬೇರೆ ಡಬ್ಬಿಗೆ ಹಾಕಿ, ಒಂದನ್ನೂ ಹಾರಿಸದೆ, ಬೀರುವಿನ ಹಿಂದೆ ಸರಿಸಿದ್ದರು. ಅವರಿಗೂ ಅನುಮಾನ ಬಂದಿರಬೇಕು.

ಹಳೆಯ ಆರ್ಮರರ್, ಕೋಲಾರ

ಬಂದೇ ಇರುತ್ತದೆ ತಾಯಿ. ಕೊಬ್ಬರಿಯನ್ನು ಕೈಯಲ್ಲಿ ತೂಗಿ ಬೆಲೆ ಕಟ್ಟುತ್ತಿದ್ದವರಿಗೆ ಆರು ಮಿಲಿಮೀಟರಿನ ಅಂತರ ತಿಳಿಯದೆ ಇರುತ್ತದೆಯೇ. ಪರವಾನಗಿ ಆದೇಶ ಬಂದ ದಿನ ಇಲ್ಲೊಂದು ಸಾಲು ಬರೆಯಿರಿ. ಹೊಸ ಗುಂಡು ಕೊಳ್ಳುವ ಮೊದಲು ರಿವಾಲ್ವರಿನ ಚಿಲಕ, ಸಿಲಿಂಡರು, ಮುಳ್ಳು ಮೂರನ್ನೂ ಪರೀಕ್ಷೆ ಮಾಡಿಸಬೇಕು. ಏನೇನು ಕೇಳಬೇಕೆಂದು ಆಗ ಬರೆದುಕೊಡುತ್ತೇನೆ.

ಮಾವಿನ ತೋಪು, ಶ್ರೀನಿವಾಸಪುರ

ನನ್ನದನ್ನು ಇಂದು ತೋರಿಸಿಕೊಂಡು ಬಂದೆ. ಚಿಲಕ ಸಡಿಲವಿದೆ, ಬದಲಿಸಬೇಕು ಎಂದರು. ಗಿಡ್ಡದ್ದರಿಂದಲೋ ವಯಸ್ಸಿನಿಂದಲೋ ಹೇಳಲಾಗದು ಎಂದೂ ಹೇಳಿದರು. ರಿಪೇರಿಗೆ ಕೊಟ್ಟು ರಸೀದಿ ತಂದಿದ್ದೇನೆ. ಪೆಟ್ಟಿಗೆಯಲ್ಲಿ ಉಳಿದಿದ್ದ ಎರಡು ಗಿಡ್ಡ ಗುಂಡುಗಳನ್ನು ನಾಳೆ ಠಾಣೆಗೆ ಒಪ್ಪಿಸುತ್ತೇನೆ.